ನಲವತ್ತೆಂಟು ತಗಡಿನ ನೆರಳು

ಜನವರಿ ೯, ಮಂಗಳವಾರ

ರಾಜಧಾನಿ ಮಾಲೆಯಿಂದ ಬಂದ ಇಂಜಿನಿಯರ್ ಹುಡುಗಿ ನನಗೆ ಎರಡು ನೋಟ್‌ಬುಕ್ ಕೊಟ್ಟಳು. ಮುಂದೆ ಏನಾದರೂ ಅಳತೆ ಬೇಕಾದರೆ ಒಂದರಲ್ಲಿ ಬರೆಯಬೇಕಂತೆ. ಇನ್ನೊಂದು ಹೆಚ್ಚಾಗಿ ಬಂದದ್ದು, ಇಟ್ಟುಕೊಳ್ಳಿ ಎಂದಳು. ಹಾಳೆ ಚೆನ್ನಾಗಿದೆ. ಖಾಲಿ ಬಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ಹುಡುಗಿಯ ಹೆಸರು ನಜ್ವಾ. ಇಪ್ಪತ್ತಾರು ವರ್ಷ. ದೋಣಿಯಿಂದ ಇಳಿಯುವಾಗಲೇ ಬಿಸಿಲು ತಾಕಬಾರದೆಂದು ಮುಖಕ್ಕೆ ಬಿಳಿ ಕ್ರೀಮು ಬಳಿದುಕೊಂಡಿದ್ದಳು. ಅವಳು ಬಂದಿರುವ ಕೆಲಸ, ನಮ್ಮ ರುಕ್‌ಫುಶಿ ದ್ವೀಪದಲ್ಲಿ ಬಿಸಿಲು ಎಷ್ಟಿದೆ ಎಂದು ಕಂಡುಹಿಡಿಯುವುದು.

ದ್ವೀಪ ಸಮಿತಿಯ ಕಚೇರಿಯಲ್ಲಿ ಅವಳು ಒಂದು ಹಾಳೆ ತೆಗೆದು ಕೇಳಿದಳು: "ಇಲ್ಲಿ ವರ್ಷದಲ್ಲಿ ಎಷ್ಟು ದಿನ ಬಿಸಿಲಿರತ್ತೆ?"

ಅಧ್ಯಕ್ಷ ಮೌಸೂಮ್ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಅಲ್ಲಿ ಬಿಸಿಲಿತ್ತು.

"ಇಲ್ಲದ ದಿನ ಕೇಳಮ್ಮ," ಎಂದ ಮೌಸೂಮ್. "ಅದಾದ್ರೆ ಜ್ಞಾಪಕ ಇರತ್ತೆ."

ಹುಡುಗಿ ಅದನ್ನೂ ಬರೆದುಕೊಂಡಳು.

ಅವರ ಯೋಜನೆ ಇಷ್ಟು: ದೊಡ್ಡ ಕಟ್ಟಡಗಳ ಮಾಡಿನ ಮೇಲೆಲ್ಲ ಸೌರ ಫಲಕ ಹಾಕುವುದು, ಹಗಲಿಡೀ ಬಿಸಿಲಿನಿಂದ ಕರೆಂಟು ಮಾಡುವುದು, ಡೀಸೆಲ್ ಎಂಜಿನ್‌ಗೆ ವಿಶ್ರಾಂತಿ ಕೊಡುವುದು. ಎಂಜಿನ್ ವಿಶ್ರಾಂತಿ ಕೇಳಿಲ್ಲ. ಮೂವತ್ತೊಂದು ವರ್ಷದಿಂದ ಪವರ್‌ಹೌಸಿನ ಹಿರಿಯ ಮೆಕ್ಯಾನಿಕ್ ನಾನು. ಕೇಳಿದ್ದರೆ ನನಗೆ ಗೊತ್ತಾಗುತ್ತಿತ್ತು.

ಇರುವುದು ಮೂರು ಎಂಜಿನ್. ದೊಡ್ಡಣ್ಣ, ನಡುವಿನವನು, ಕಿರಿಯ. ದೊಡ್ಡಣ್ಣನ ಎಣ್ಣೆಯ ಒತ್ತಡ ತೋರಿಸುವ ಗೇಜು ಕೆಟ್ಟು ಎರಡು ವರ್ಷವಾಯಿತು. ಬೇರೆ ತರಿಸಿಲ್ಲ. ಮಸೀದಿಯ ಬಳಿ ನಿಂತು ಯಾವ ಎಂಜಿನ್ನಿನ ಯಾವ ಬೇರಿಂಗ್ ಸವೆದಿದೆಯೆಂದು ಹೇಳಬಲ್ಲ ಮನುಷ್ಯ ಇರುವಾಗ ಗೇಜು ಯಾಕೆ?

ಜನವರಿ ೧೧, ಗುರುವಾರ

ಎರಡು ದಿನ ಹುಡುಗಿ ಎಲ್ಲ ಮಾಡುಗಳನ್ನೂ ಹತ್ತಿ ಇಳಿದಳು. ದ್ವೀಪದಲ್ಲಿ ಅತಿ ದೊಡ್ಡ ಮಾಡು ಶಾಲೆಯದು. ಪೂರ್ವದ ಇಳಿಜಾರಿನಲ್ಲೇ ನಲವತ್ತೆಂಟು ತಗಡು. ಅದು ಸಿಗದಿದ್ದರೆ ಲೆಕ್ಕ ಕೂಡುವುದಿಲ್ಲ, ಹಗಲು ಎಂಜಿನ್ ಓಡಿಸಲೇಬೇಕು ಎಂದಳು. ಆಮೇಲೆ ಬೇಲಿಯಾಚೆ ಕೈ ತೋರಿಸಿದಳು.

"ಈ ಮರ ಯಾರದು?"

ದೀವಿಹಲಸಿನ ಮರ. ಶಾಲೆಯ ಪೂರ್ವಕ್ಕೆ ಅಂಟಿಕೊಂಡಂತೆ ಬೆಳೆದಿದೆ. ಬೆಳಗಿನ ಹೊತ್ತು ಅದರ ನೆರಳು ಮಾಡಿನ ಮೇಲೆ ಮಲಗಿರುತ್ತದೆ. ಮೌಸೂಮ್ ಕೆಮ್ಮಿದ.

ಮರ ಸೋಬಿರಾಳದು. ಸೋಬಿರಾ ನನ್ನ ಮಾಜಿ ಹೆಂಡತಿ. ಎರಡು ಸಲ ಮಾಜಿ. ಮೊದಲ ಸಲದ ಸಂಸಾರ ಆರು ವರ್ಷ, ಎರಡನೆಯದು ಹದಿನಾಲ್ಕು. ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ದ್ವೀಪದ ಉದ್ದ ಒಂದು ಕಿಲೋಮೀಟರ್, ಅಗಲ ಅದರ ಮೂರರಲ್ಲೊಂದು ಪಾಲು. ಅಷ್ಟರೊಳಗೆ ಹನ್ನೊಂದು ವರ್ಷ ಎದುರಾಗದೆ ಬದುಕಲು ಇಬ್ಬರಿಗೂ ಶ್ರದ್ಧೆ ಬೇಕು.

"ಪ್ರತಿ ಗಂಟೆಗೂ ಎಷ್ಟು ತಗಡಿನ ಮೇಲೆ ನೆರಳಿದೆ ಅಂತ ಯಾರಾದ್ರೂ ಎಣಿಸಬೇಕು," ಎಂದಳು ನಜ್ವಾ. "ಏಳರಿಂದ ಹನ್ನೆರಡರವರೆಗೆ. ಐದು ವಾರ. ಪೂರ್ವದ ಇಳಿಜಾರು ಪೂರ್ತಿ ಕಾಣೋದು ಆ ಮನೆ ಅಂಗಳದಿಂದ ಮಾತ್ರ. ನಾನು ಇನ್ನೂ ಮೂರು ದ್ವೀಪಕ್ಕೆ ಹೋಗಬೇಕು."

"ಇದ್ರೀಸ್ ಹೋಗ್ತಾನೆ," ಎಂದ ಮೌಸೂಮ್.

"ನಾನ್ಯಾಕೆ?"

"ಅವಳನ್ನ ಒಪ್ಪಿಸಿದ ಅನುಭವ ಈ ದ್ವೀಪದಲ್ಲಿ ನಿನಗೊಬ್ಬನಿಗೇ ಇರೋದು. ಅದೂ ಎರಡು ಸಲ."

ಆಗುವುದಿಲ್ಲ ಎನ್ನಬೇಕೆಂದಿದ್ದೆ. ಆದರೆ ನೆರಳು ದೊಡ್ಡದಾಗಿದ್ದರೆ ಶಾಲೆಯ ಮಾಡು ಯೋಜನೆಯಿಂದ ಬಿಟ್ಟುಹೋಗುತ್ತದೆ, ಎಂಜಿನ್ ಉಳಿಯುತ್ತದೆ. ನೆರಳಿನ ಬಗ್ಗೆ ನನಗೆ ಮೊದಲ ಸಲ ಅಭಿಮಾನವೆನ್ನಿಸಿತು. ಒಪ್ಪಿಕೊಂಡೆ.

ಜನವರಿ ೧೩, ಶನಿವಾರ

ಏಳು ಗಂಟೆಗೆ ಹೋದೆ. ಸೋಬಿರಾ ಅಂಗಳದ ಒಲೆಯ ಮುಂದೆ ದೀವಿಹಲಸಿನ ಚಿಪ್ಸು ಕರಿಯುತ್ತಿದ್ದಳು. ಅವಳ ಜೀವನ ಅದರಿಂದಲೇ. ವಾರಕ್ಕೊಮ್ಮೆ ದೋಣಿಯಲ್ಲಿ ಮಾಲೆಗೆ ಹೋಗುತ್ತದೆ.

"ಏನು?"

"ನೆರಳು ಅಳೆಯೋಕೆ ಬಂದೆ."

"ಯಾರ ನೆರಳು?"

"ಮರದ್ದು."

"ಹನ್ನೊಂದು ವರ್ಷ ಮನುಷ್ಯರ ನೆರಳು ಬೇಡವಾಗಿತ್ತು. ಈಗ ಮರದ್ದು ಬೇಕಾಯ್ತಾ?"

ಅಂಗಳದಲ್ಲಿದ್ದ ಹಗ್ಗದ ಬಲೆಯ ಕುರ್ಚಿಯನ್ನು ಸಟ್ಟುಗದಲ್ಲೇ ತೋರಿಸಿದಳು. "ಆ ಕಡೆ ಕೂತ್ಕೋ. ಎಣ್ಣೆ ಸಿಡಿಯತ್ತೆ." ಆಮೇಲೆ ಒಲೆಯ ಕಡೆ ತಿರುಗಿಕೊಂಡು ಇನ್ನೂ ಏನೋ ಅಂದಳು. ಗಾಳಿ ಜೋರಾಗಿತ್ತು. ನಾನು "ಹೂಂ" ಎಂದೆ. ತಿರುಗಿ ನೋಡಿದ ಅವಳ ಮುಖ ನೋಡಿದರೆ "ಹೂಂ" ಸರಿಯಾದ ಉತ್ತರವಲ್ಲವೆಂದು ತೋರಿತು.

ಏಳಕ್ಕೆ ಮೂವತ್ತೊಂದು ತಗಡು. ಎಂಟಕ್ಕೆ ಇಪ್ಪತ್ತು. ಒಂಬತ್ತಕ್ಕೆ ಹನ್ನೊಂದು. ಹತ್ತಕ್ಕೆ ನಾಲ್ಕು. ಹನ್ನೊಂದಕ್ಕೆ, ಹನ್ನೆರಡಕ್ಕೆ ಏನೂ ಇಲ್ಲ. ಇಷ್ಟು ದೊಡ್ಡ ಮರ ಇಷ್ಟು ಬೇಗ ಕೈಬಿಡುತ್ತದೆಂದು ಅಂದುಕೊಂಡಿರಲಿಲ್ಲ.

ಜನವರಿ ೧೬, ಮಂಗಳವಾರ

ಸೋಬಿರಾ ಇಡೀ ದಿನ ಒಂದು ಮಾತೂ ಆಡಲಿಲ್ಲ. ಒಂಬತ್ತರ ಹೊತ್ತಿಗೆ ನನ್ನ ಹಿಂದಿನಿಂದ ಬಂದು, ಒಳಗೆ ಹೋಗಿ, ಬಾಗಿಲನ್ನು ಜೋರಾಗಿ ಹಾಕಿಕೊಂಡಳು. ಹಾಕಿಕೊಂಡದ್ದು ಕಂಡಿತು.

ಗಾಳಿ ಇರಲಿಲ್ಲ.

ಜನವರಿ ೨೧, ಭಾನುವಾರ

ಶುಕ್ರವಾರ ಬಿಟ್ಟು ಇವತ್ತಿಗೆ ಎಂಟು ದಿನದ ಅಳತೆ. ಐದನೆಯ ದಿನದಿಂದ ಒಂಬತ್ತು ಗಂಟೆಯ ಹನ್ನೊಂದನ್ನು ಹದಿನಾರು, ಹತ್ತು ಗಂಟೆಯ ನಾಲ್ಕನ್ನು ಹದಿನಾಲ್ಕು ಎಂದು ಬರೆಯುತ್ತಿದ್ದೇನೆ. ಹನ್ನೊಂದಕ್ಕೆ ಹನ್ನೆರಡು, ಹನ್ನೆರಡಕ್ಕೆ ಹನ್ನೊಂದು. ಮೋಡ ಬಂದಿದ್ದರೆ ಇದಕ್ಕಿಂತ ಹೆಚ್ಚೇ ಆಗುತ್ತಿತ್ತು. ಮೋಡ ಬಂದಿಲ್ಲ ಎನ್ನುವುದು ಬೇರೆ ಮಾತು. ಮೊದಲ ನಾಲ್ಕು ದಿನದ ಹಾಳೆಯನ್ನೂ ಇದಕ್ಕೆ ಹೊಂದುವಂತೆ ಹೊಸದಾಗಿ ಬರೆದೆ. ಹಳೆಯ ಹಾಳೆ ಹರಿಯಲು ಮನಸ್ಸಾಗದೆ ಈ ದಿನಚರಿಯೊಳಗೆ ಇಟ್ಟಿದ್ದೇನೆ.

ಸೋಬಿರಾ ಮುಕ್ಕಾಲಿಯ ಮೇಲೆ ಕಪ್ಪು ಚಹಾ ಮತ್ತು ಒಂದು ಹಿಡಿ ಚಿಪ್ಸು ಇಟ್ಟಳು. ಕೊಡಲಿಲ್ಲ. ಇಟ್ಟುಹೋದಳು. ವ್ಯತ್ಯಾಸವಿದೆ. ನಾನೂ ತೆಗೆದುಕೊಳ್ಳಲಿಲ್ಲ, ಅಲ್ಲಿದ್ದದ್ದನ್ನು ತಿಂದೆ.

ಅವಳ ಎಡಗಾಲಿನ ಮೇಲಿನ ಸುಟ್ಟ ಗಾಯದ ಕಲೆ ಹಾಗೇ ಇದೆ. ಹನ್ನೊಂದು ವರ್ಷದ ಹಿಂದೆ ಕುದಿಯುವ ಮೀನಿನ ಪಾಕದ ಮಡಕೆ ಕಾಲ ಮೇಲೆ ಬಿದ್ದಾಗ, ಏಳು ಸಲ ಕೂಗಿದೆ, ಅವನು ಪಕ್ಕದ ಕೋಣೆಯಲ್ಲಿ ಕಂಬದ ಹಾಗೆ ಕೂತಿದ್ದ ಎಂದು ಅವಳು ಊರಿಗೆಲ್ಲ ಹೇಳಿದಳು. ಅವಳು ಕೂಗಲಿಲ್ಲ. ಕೂಗಿದ್ದರೆ ನಾನು ಎದ್ದು ಹೋಗುತ್ತಿರಲಿಲ್ಲವೇ? ಎರಡನೆಯ ವಿಚ್ಛೇದನದ ಹೊತ್ತಿಗೆ ಇದನ್ನೇ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿದ್ದೆ.

ಜನವರಿ ೨೮, ಭಾನುವಾರ

ಹತ್ತೂಕಾಲಿಗೆ ಶಾಲೆಯ ಮಕ್ಕಳು ಕೈ ಎತ್ತಿ ಕುಣಿಯುತ್ತ ಹೊರಗೆ ಬಂದರು. ಕರೆಂಟು ಹೋಗಿದೆಯೆಂದು ಅದರಿಂದ ತಿಳಿಯಿತು.

ನಾನು ಪವರ್‌ಹೌಸ್ ಸೇರುವಷ್ಟರಲ್ಲಿ ದೊಡ್ಡಣ್ಣನ ಮೈಯಿಂದ ಹೊಗೆ ಏಳುತ್ತಿತ್ತು. ಬೇರಿಂಗ್ ಕರಗಿ ಒಳಗಿನ ದಂಡಕ್ಕೆ ಅಂಟಿಕೊಂಡಿದೆ. ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ, ಆದರೂ ಬಿಚ್ಚಿದೆ. ಸಹಾಯಕ ಶಹಾಲಮ್ ಗೋಡೆಗೆ ಒರಗಿ ನಿಂತಿದ್ದ. ಬಾಂಗ್ಲಾದವನು, ನಲವತ್ತು ವರ್ಷ, ಒಂಬತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ.

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದು ಬೈದೆ.

ಅವನು ನೆಲ ನೋಡಿಕೊಂಡು ಏನೋ ಗೊಣಗಿದ.

"ಬಾಯಿ ಬಿಟ್ಟು ಹೇಳೋ!"

ತಲೆಯೆತ್ತಿ ಕಿರುಚಿದ: "ಮೂರು ದಿನದಿಂದ ಚೀರ್ತಾ ಇತ್ತು ಉಸ್ತಾದ್! ಗುರುವಾರವೇ ಹೇಳಿದೆ. ಶುಕ್ರವಾರ ಮತ್ತೆ ಹೇಳಿದೆ. ನೀವು 'ಹೂಂ' ಅಂದ್ರಿ!"

ಮೌಸೂಮ್ ಬಂದ, ಸಮಿತಿಯವರೆಲ್ಲ ಬಂದರು. ಗೇಜು ಎಲ್ಲಿ ಎಂದು ಯಾರೋ ಕೇಳಿದರು.

ಶಹಾಲಮ್ ಸುಳ್ಳು ಹೇಳುವವನಲ್ಲ.

ಜನವರಿ ೨೯, ಸೋಮವಾರ

ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ ೧, ಗುರುವಾರ

ನಡುವಿನವನು ಮತ್ತು ಕಿರಿಯ ಸೇರಿ ಅರ್ಧ ದ್ವೀಪ ಹೊರಬಲ್ಲರು. ಉತ್ತರದ ಮನೆಗಳಿಗೆ ನಾಲ್ಕು ಗಂಟೆ, ದಕ್ಷಿಣದವರಿಗೆ ನಾಲ್ಕು ಗಂಟೆ. ದೊಡ್ಡಣ್ಣನಿಗೆ ಬೇಕಾದ ದಂಡ ಹೊರದೇಶದಿಂದ ಬರಬೇಕು. ಐದು ತಿಂಗಳಾದರೂ ಆಗುತ್ತದೆ. ಮನೆಮನೆಯ ಫ್ರೀಜರಿನಲ್ಲಿದ್ದ ಮೀನು ಕೊಳೆಯುತ್ತಿದೆ. ಇಡೀ ದ್ವೀಪ ನಾರುತ್ತಿದೆ. ಯಾರೂ ಅದರ ಬಗ್ಗೆ ನನ್ನೆದುರು ಮಾತಾಡುವುದಿಲ್ಲ, ಮೂಗು ಮುಚ್ಚಿಕೊಳ್ಳುತ್ತಾರೆ ಅಷ್ಟೆ.

ಕಡಲ ಬದಿಯ ಕಟ್ಟೆಯ ಮುಂದೆ ಹಾದು ಬರುವಾಗ ದೋಣಿಯ ಜಲೀಲ್ ಎದ್ದು ದಾರಿಗೆ ಅಡ್ಡ ನಿಂತು, ಹಿರಿಯರಿಗೆ ಹಾಕುವ 'ಬೇ' ಸೇರಿಸಿ ಕರೆದ. "ಇದ್ರೀಸ್ ಬೇ, ಸ್ವಲ್ಪ ಮಸೀದಿ ಹತ್ರ ನಿಂತು ಹೇಳಿ, ಇವತ್ತು ಯಾವ ಬೇರಿಂಗು?" ಕಟ್ಟೆಯ ಮೇಲಿದ್ದವರ ಹಲ್ಲೆಲ್ಲ ಕಂಡಿತು. ಅಡಿಕೆ ಜಗಿದು ಜಗಿದು ಒಬ್ಬನದೂ ಬೆಳ್ಳಗಿಲ್ಲ.

ಬೇರೆ ಹೋಗಲು ಜಾಗವಿಲ್ಲದೆ ಅಳತೆಗೆ ಹೋದೆ. ಸೋಬಿರಾ ಫ್ರೀಜರ್ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಅವಳ ಹನ್ನೆರಡು ಮೀನು ಹೋಗಿವೆ. ಬೈಗುಳಕ್ಕೆ ಕಾದೆ. ಮಧ್ಯಾಹ್ನ ಒಂದು ತಟ್ಟೆ ಅನ್ನ, ಮೀನಿನ ತಿಳಿಸಾರು, ಲಿಂಬೆ, ಹಸಿಮೆಣಸು ತಂದಳು. ಈ ಸಲ ಇಟ್ಟುಹೋಗಲಿಲ್ಲ. ಕೈಗೆ ಕೊಟ್ಟಳು.

"ತಿನ್ನು. ಇದು ಇವತ್ತಿನ ಮೀನು."

ಫೆಬ್ರವರಿ ೪, ಭಾನುವಾರ

ಒಂಬತ್ತು ಗಂಟೆಯ ಎಣಿಕೆ ನಡೆಯುತ್ತಿದ್ದಾಗ ಒಂದು ದೀವಿಹಲಸು ಮೇಲಿನಿಂದ ಬಂದು ನನ್ನ ಹೆಗಲಿಗೆ ಬಡಿಯಿತು. ಎರಡು ಕಿಲೋ ಇದ್ದೀತು. ಕುರ್ಚಿಯ ಸಮೇತ ಬಿದ್ದೆ. ತಲೆಗೆ ಬಿದ್ದಿದ್ದರೆ ಈ ಪುಟ ಖಾಲಿ ಇರುತ್ತಿತ್ತು.

ಸೋಬಿರಾ ಉದ್ದನೆಯ ಕೊಕ್ಕೆ ಕೋಲು ಹಿಡಿದು ಮರದ ಕೆಳಗೆ ನಿಂತಿದ್ದಳು. ಕಾಯಿ ಕೀಳುತ್ತಿದ್ದಳಂತೆ. ಓಡಿ ಬಂದು ಬಾಯಿ ಬಾಯಿ ಬಡಿದುಕೊಂಡಳು.

"ಕೂಗಿದೆನಲ್ಲೋ! ಪಕ್ಕಕ್ಕೆ ಸರಿ, ಬೀಳತ್ತೆ ಅಂತ ಮೂರು ಸಲ ಕೂಗಿದೆ!"

"ಕೂಗಲಿಲ್ಲ ನೀನು," ಎಂದೆ.

ಅವಳು ಇನ್ನೂ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ನನ್ನ ಮುಖವನ್ನೇ ನೋಡಿದಳು, ಆಮೇಲೆ ಕೋಲು ಬೇಲಿಗೆ ಒರಗಿಸಿದಳು. ನಾನು ಕುರ್ಚಿ ನೆಟ್ಟಗೆ ಮಾಡಿ ಮತ್ತೆ ಮಾಡಿನ ಕಡೆ ತಿರುಗಿ ಕೂತೆ. ಹತ್ತರ ಎಣಿಕೆ ಮುಗಿಸಿ ಅಕಸ್ಮಾತ್ ಹಿಂದೆ ತಿರುಗಿದರೆ ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಣ್ಣು ಕೆಂಪಗಿತ್ತು.

"ಹೊಗೆಯಾ?" ಎಂದು ಕೇಳಿದೆ.

ಹೌದೆಂದು ತಲೆಯಾಡಿಸಿದಳು. ಒಲೆ ಆರಿತ್ತು.

ಫೆಬ್ರವರಿ ೬, ಮಂಗಳವಾರ

ಸೋಬಿರಾ ಈಗ ವಿಚಿತ್ರವಾಗಿ ಆಡುತ್ತಾಳೆ. ಮಾತಾಡಬೇಕಾದರೆ ಎಲ್ಲಿದ್ದರೂ ಸುತ್ತುಹಾಕಿ ಬಂದು ನನ್ನೆದುರು ನಿಲ್ಲುತ್ತಾಳೆ, ಆಮೇಲೆ ಬಾಯಿ ತೆರೆಯುತ್ತಾಳೆ. ಇವತ್ತಂತೂ ಒಂದು ಮಣೆ ತಂದು ಎದುರಿಗೆ ಹಾಕಿಕೊಂಡು ಕೂತಳು. ಅವಳು ಅಡ್ಡ ಕೂತದ್ದರಿಂದ ಮೂರು ತಗಡು ಕಾಣಿಸುತ್ತಿರಲಿಲ್ಲ. ಅಂದಾಜಿನಲ್ಲಿ ಬರೆದೆ.

"ಇದ್ರೀಸ್, ಕಾಲು ಸುಟ್ಟ ದಿನ ನಾನು ಕೂಗಿದ್ದು ನಿಜ," ಎಂದಳು.

ನಾನು ಪೆನ್ನು ಕೆಳಗಿಟ್ಟೆ.

"ನಿನಗೆ ಕೇಳಿಸಲಿಲ್ಲ ಅನ್ನೋದೂ ನಿಜ ಇರಬಹುದು."

ಹನ್ನೊಂದು ವರ್ಷದ ಮೇಲೆ ಅರ್ಧವಾದರೂ ಒಪ್ಪಿಕೊಂಡಳು. ನ್ಯಾಯ ನನ್ನ ಕಡೆ ಇತ್ತೆಂದು ಸಂತೋಷಪಡಬೇಕಿತ್ತು. ಮನೆಗೆ ಬಂದು ಆ ಸಂತೋಷಕ್ಕೆ ಕಾದೆ. ಬರಲಿಲ್ಲ. ಮಲಗಿದೆ.

ಫೆಬ್ರವರಿ ೧೨, ಸೋಮವಾರ

ಅಳತೆ ಏಳಕ್ಕೆ ಶುರು. ಆರೂವರೆಗೆ ಹೋಗುವುದು ಒಳ್ಳೆಯದು, ಕಣ್ಣು ಬೆಳಕಿಗೆ ಹೊಂದಿಕೊಳ್ಳುತ್ತದೆ. ಹನ್ನೆರಡಕ್ಕೆ ಮುಗಿಯುತ್ತದೆ. ಆದರೆ ಕುರ್ಚಿಯ ಹಗ್ಗ ಸಡಿಲವಾಗಿತ್ತು, ಬಿಗಿಯಬೇಕಾಯಿತು. ಬಾವಿಯ ರಾಟೆ ಅಲ್ಲಾಡುತ್ತಿತ್ತು. ಚಿಪ್ಸು ಹೆಚ್ಚುವ ಕತ್ತಿಗೆ ಹಿಡಿ ಇರಲಿಲ್ಲ. ಹೀಗೆ ಸಂಜೆಯ ಅಸರ್ ನಮಾಜಿನವರೆಗೂ ಆಯಿತು.

ಸೋಬಿರಾಳ ಮಾತು ಈಗ ಮೊದಲಿಗಿಂತ ಸ್ಪಷ್ಟವಾಗಿದೆ. ವಯಸ್ಸಾದ ಮೇಲೆ ಕೆಲವರ ಉಚ್ಚಾರಣೆ ಸುಧಾರಿಸುತ್ತದೆ.

ತಗಡಿನ ಅಂಕಿ ಬದಲಿಸಿಲ್ಲ. ನಡುವೆ ಬದಲಿಸಿದರೆ ಅನುಮಾನ ಬರುತ್ತದೆ. ಅವಳ ಎದುರು ಕೂತು ಬರೆಯುವಾಗ ಕೈಯಿಂದ ಹಾಳೆ ಮುಚ್ಚಿಕೊಳ್ಳುತ್ತೇನೆ. ಅವಳಿಗೇನೂ ಓದುವ ಕುತೂಹಲವಿಲ್ಲ.

ಫೆಬ್ರವರಿ ೧೮, ಭಾನುವಾರ

ನಜ್ವಾ ಮರಳಿದಳು. ಬಿಳಿ ಕ್ರೀಮು ಬಿಟ್ಟಿದ್ದಾಳೆ, ನಮ್ಮ ಬಣ್ಣಕ್ಕೆ ಬಂದಿದ್ದಾಳೆ. ನನ್ನ ಅಳತೆಯ ಪುಸ್ತಕ ಕಂಪ್ಯೂಟರಿಗೆ ತುಂಬಿಸಿ ಸಂಜೆ ಸಮಿತಿಯ ಮುಂದೆ ಹೇಳಿದಳು: "ಮಧ್ಯಾಹ್ನದವರೆಗೂ ಮಾಡಿನ ಕಾಲು ಭಾಗ ನೆರಳು. ಒಂದೋ ಶಾಲೆಯ ಮಾಡು ಬಿಡಬೇಕು, ಇಲ್ಲ ಮರ ಹೋಗಬೇಕು."

ನಾನು ಐದು ವಾರ ದುಡಿದದ್ದು ಈ ಮಾತಿಗೇ. ಮಾಡು ಬಿಡುತ್ತಾರೆ ಎಂದು ಕಾದೆ.

"ಮರ ಹೋಗತ್ತೆ," ಎಂದ ಮೌಸೂಮ್. "ಎಂಜಿನ್ ಸತ್ತಿದೆ, ಊರು ನಾರ್ತಾ ಇದೆ. ಇನ್ನು ಮಾಡು ಬಿಡೋ ಮಾತೇ ಇಲ್ಲ. ಗುರುವಾರ ಕಡಿಸ್ತೀನಿ. ಸೋಬಿರಾಗೆ ಪರಿಹಾರ ಕೊಡೋಣ."

ಸೋಬಿರಾಳಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಬಾಗಿಲಲ್ಲೇ ಕೂತಿದ್ದಳು. ನಾನು ಹೋಗಿ ನಿಂತೆ. ಎದುರಿಗೇ ಇದ್ದಳು, ಬೆಳಕೂ ಇತ್ತು. ಒಂದೊಂದು ಮಾತೂ ಕೇಳಿಸಿತು.

"ಈ ಗಿಡ ನೆಟ್ಟಿದ್ದು ನನ್ನಮ್ಮ. ನಿನ್ನನ್ನ ಮೊದಲ ಸಲ ಬಿಟ್ಟಾಗ ಇದೇ ಅನ್ನ ಹಾಕ್ತು. ಎರಡನೇ ಸಲ ಬಿಟ್ಟಾಗಲೂ ಇದೇ. ಐದು ವಾರ ಇದರ ಬುಡದಲ್ಲಿ ಕೂತು, ನನ್ನ ಕೈಯಿಂದ ತಿಂದು, ಇದರ ಸಾವು ಬರೀತಿದ್ಯಾ ನೀನು? ನೆರಳು ಹತ್ತೂವರೆಗೆಲ್ಲ ಆ ಮಾಡು ಬಿಟ್ಟಿರತ್ತೆ. ನಲವತ್ತು ವರ್ಷದಿಂದ ನೋಡ್ತಿದೀನಿ. ಮಧ್ಯಾಹ್ನದ ನೆರಳು ಎಲ್ಲಿಂದ ತಂದೆ?"

ಗಾಳಿ ಇತ್ತು ಎನ್ನಲು ಆಗಲಿಲ್ಲ.

ಫೆಬ್ರವರಿ ೧೯, ಸೋಮವಾರ

ಬೆಳಗ್ಗೆ ಎಂಟಕ್ಕೆ ಸಮಿತಿಯ ಕಚೇರಿಗೆ ಹೋದೆ. ಮೌಸೂಮ್, ನಜ್ವಾ, ಇಬ್ಬರು ಸದಸ್ಯರು ಇದ್ದರು. ಬಾಗಿಲ ಬಳಿ ಪರಿಹಾರದ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಹೇಳಲು ಬಂದ ಸೋಬಿರಾ ಇದ್ದಳು. ಆ ಹಳೆಯ ನಾಲ್ಕು ದಿನದ ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಇದು ನಿಜವಾದದ್ದು. ಆ ಪುಸ್ತಕ ಸುಳ್ಳು. ನಾನು ಬರೆದ ಸುಳ್ಳು."

ಯಾರೂ ಮಾತಾಡಲಿಲ್ಲ. ಅಥವಾ ಮಾತಾಡಿರಬಹುದು. ನಜ್ವಾ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಹನ್ನೆರಡು ಗಂಟೆಗೆ, ಪೂರ್ವದಲ್ಲಿರೋ ಮರದ ನೆರಳು ಹನ್ನೊಂದು ತಗಡಿನ ಮೇಲೆ. ಇದ್ರೀಸ್ ಬೇ, ಅವತ್ತು ಸೂರ್ಯ ಎಲ್ಲಿದ್ದ?"

"ಅವನು ಸರಿಯಾದ ಜಾಗದಲ್ಲೇ ಇದ್ದ," ಎಂದೆ.

"ನಾನೂ ಮೊತ್ತ ನೋಡಿದೆನೇ ಹೊರತು ಸಾಲು ನೋಡಲಿಲ್ಲ," ಎಂದು ಹುಡುಗಿ ಹಣೆ ಒತ್ತಿಕೊಂಡಳು.

ಮೌಸೂಮ್ ನನ್ನ ಬಾಲ್ಯದ ಗೆಳೆಯ. ಮೇಜು ಗುದ್ದಿದ. "ಯಾಕೋ? ಯಾಕೆ ಮಾಡಿದೆ?"

"ಎಂಜಿನ್ ನಿಂತರೆ ನಾನು ಏನು ಅಂತ ಗೊತ್ತಿರಲಿಲ್ಲ," ಎಂದೆ. ಹಾಗೆ ಹೇಳಬೇಕೆಂದು ಹೋಗಿರಲಿಲ್ಲ.

ಹಿರಿಯ ಮೆಕ್ಯಾನಿಕ್ ಕೆಲಸದಿಂದ ನನ್ನನ್ನು ತೆಗೆದರು. ಶಹಾಲಮ್ ಇನ್ನು ಮೇಲೆ ಎಂಜಿನ್ ನೋಡಿಕೊಳ್ಳುತ್ತಾನೆ. ನ್ಯಾಯವೇ. ನಜ್ವಾ ಮಧ್ಯಾಹ್ನ ಹೊಸ ಲೆಕ್ಕ ಮಾಡಿದಳು: ಮರ ಇರಬಹುದು. ಶಾಲೆಯ ಕಡೆ ಚಾಚಿದ ಎರಡು ಕೊಂಬೆ ಹೋದರೆ ಸಾಕು, ಪಶ್ಚಿಮದ ಇಳಿಜಾರಿನಲ್ಲಿ ನಾಲ್ಕು ಫಲಕ ಹೆಚ್ಚು ಹಾಕಿದರೆ ಸರಿಹೋಗುತ್ತದೆ.

ಸೋಬಿರಾ ನನ್ನ ಮುಂದೆ ಹಾದು ಹೋದಳು. ನಿಲ್ಲಲಿಲ್ಲ.

ಫೆಬ್ರವರಿ ೨೨, ಗುರುವಾರ

ಮರ ಹತ್ತುವವರಿಬ್ಬರನ್ನು ಮೌಸೂಮ್ ಕಳಿಸಿದ್ದ. ಸೋಬಿರಾ ಅವರನ್ನು ಗೇಟಿನಿಂದ ವಾಪಸ್ ಕಳಿಸಿ, ಶಹಾಲಮ್‌ನ ಕೈಯಲ್ಲಿ ನನಗೆ ಹೇಳಿಕಳಿಸಿದಳು. ಅವನು ಈಗ ನನ್ನೆದುರು ನಿಂತೇ ಮಾತಾಡುತ್ತಾನೆ. "ಗರಗಸ ತಗೊಂಡು ಬರಬೇಕಂತೆ. ಬರೆದವನೇ ಕಡೀಲಿ ಅಂದ್ರು."

ಐವತ್ತೆಂಟನೆಯ ವಯಸ್ಸಿನಲ್ಲಿ ಮರ ಹತ್ತಿದೆ. ಸೋಬಿರಾ ಕೆಳಗಿನಿಂದ ಕೂಗಲಿಲ್ಲ. ಆ ಕೊಕ್ಕೆ ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿ ಎಲ್ಲಿ ಕೊಯ್ಯಬೇಕೆಂದು ಮುಟ್ಟಿ ಮುಟ್ಟಿ ತೋರಿಸಿದಳು. ತಪ್ಪು ಕಡೆ ಗರಗಸ ಇಟ್ಟಾಗ ಕೋಲಿನಿಂದ ನನ್ನ ಕಾಲಿಗೆ ಬಡಿದಳು. ಒಂದೆರಡು ಸಲ ಸರಿಯಾದ ಕಡೆ ಇಟ್ಟಾಗಲೂ ಬಡಿದಳು.

ಎರಡು ಕೊಂಬೆ. ಹತ್ತೊಂಬತ್ತು ಕಾಯಿ. ಇಳಿದ ಮೇಲೆ ಅವಳು ನೀರು ಕೊಟ್ಟು ಎದುರಿಗೆ ಕೂತಳು.

"ಕೆಲಸ ಹೋಯ್ತಂತೆ."

"ಹೋಯ್ತು."

"ಹತ್ತೊಂಬತ್ತು ಕಾಯಿ ಇವತ್ತೇ ಹೆಚ್ಚಬೇಕು. ನಾಳೆಗೆ ಹಣ್ಣಾಗತ್ತೆ."

ಕತ್ತಿಗೆ ಹಿಡಿ ಹಾಕಿದ್ದು ಒಳ್ಳೆಯದಾಯಿತು.

ಮಾರ್ಚ್ ೨೦, ಬುಧವಾರ

ರಂಜಾನ್. ಹಗಲೆಲ್ಲ ಚಿಪ್ಸು ಹೆಚ್ಚುವುದು, ತಿನ್ನುವಂತಿಲ್ಲ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬಾಂಗಿನ ದನಿಗೆ ಕಾಯುತ್ತ ಎಲ್ಲರೂ ಮಸೀದಿಯ ಕಡೆ ಕಿವಿ ಕೊಡುತ್ತಾರೆ. ಸೋಬಿರಾ ತನ್ನ ಖರ್ಜೂರ ಎತ್ತುವುದಕ್ಕೆ ಮೊದಲು ನನ್ನ ಮೊಣಕೈ ಮುಟ್ಟುತ್ತಾಳೆ. ಈ ವರ್ಷ ನಾನು ಒಂದು ದಿನವೂ ತಡವಾಗಿ ಉಪವಾಸ ಬಿಟ್ಟಿಲ್ಲ.

ಮೇ ೭, ಮಂಗಳವಾರ

ಫಲಕಗಳು ಏಪ್ರಿಲ್ ಕೊನೆಗೆ ಬಂದವು. ನಜ್ವಾ ನನ್ನನ್ನೇ ಕರೆದಳು. "ಆ ಮಾಡಿನ ಒಂದೊಂದು ತಗಡೂ ನಿಮಗೆ ಗೊತ್ತು. ಇನ್ಯಾರಿಗೆ ಗೊತ್ತು?" ಹತ್ತು ದಿನ ಮಾಡಿನ ಮೇಲಿದ್ದೆ. ಬೋಲ್ಟು ಬಿಗಿಯುವುದಕ್ಕೆ ಕಿವಿ ಬೇಕಿಲ್ಲ.

ಇವತ್ತು ಒಂಬತ್ತೂವರೆಗೆ ಪವರ್‌ಹೌಸಿನ ಮುಂದೆ ಇಡೀ ದ್ವೀಪ ಸೇರಿತ್ತು. ಕಿರಿಯ ಎಂಜಿನ್ ಆಗಲೇ ನಿಂತಿತ್ತು, ನಡುವಿನವನನ್ನು ನಿಲ್ಲಿಸುವ ಕೆಲಸ ಶಹಾಲಮ್‌ನದು. ಅವನು ನನ್ನ ಕೈ ಹಿಡಿದು ಒಳಗೆ ಕರೆದೊಯ್ದ. "ನೀವೇ ನಿಲ್ಲಿಸಿ ಉಸ್ತಾದ್." ಒಂದು ಕೈ ಪೈಪಿನ ಮೇಲಿಟ್ಟು ಇನ್ನೊಂದು ಕೈಯಿಂದ ನಿಲ್ಲಿಸಿದೆ. ಪೈಪಿನ ನಡುಕ ಸಣ್ಣಗಾಗುತ್ತ ಬಂದು ಇಲ್ಲವಾಯಿತು. ದೀಪ ಆರಲಿಲ್ಲ.

ಹೊರಗೆ ಬಂದೆ. ಎಲ್ಲರೂ ಬಾಯಿ ಮುಚ್ಚಿ ನಿಂತಿದ್ದರು. ಒಬ್ಬ ಅಜ್ಜಿ ಅಳುತ್ತಿದ್ದಳು. ಸಮುದ್ರ ಕೇಳಿಸುತ್ತಿದೆ, ಊರ ನಡುವೆ ಹಗಲಿನಲ್ಲಿ ಸಮುದ್ರ ಕೇಳಿಸುತ್ತಿದೆ ಎಂದು ಜಲೀಲ್ ಎಲ್ಲರಿಗೂ ಕೈಯಾಡಿಸಿ ಹೇಳುತ್ತಿದ್ದ. ನಾನು ಕಾದೆ. ನನಗೆ ನಿನ್ನೆಯೂ ಇವತ್ತೂ ಒಂದೇ ಆಗಿತ್ತು.

ಸೋಬಿರಾ ಗುಂಪಿನಿಂದ ಬಂದು ನನ್ನ ಮುಂದೆ ನಿಂತಳು.

"ಏನು ಕೇಳಿಸ್ತಿದೆ?"

"ಸಮುದ್ರ," ಎಂದೆ.

ಅವಳು ಅಲ್ಲಾಡಲಿಲ್ಲ.

"ಇಲ್ಲ," ಎಂದೆ. "ನೀನು ಎದುರಿಗೆ ನಿಂತ್ರೆ ನಿನ್ನ ಮಾತು ಕೇಳಿಸತ್ತೆ. ಬೇರೆ ಏನೂ ಇಲ್ಲ. ಬಹಳ ವರ್ಷದಿಂದ ಇಲ್ಲ."

"ಗೊತ್ತು."

"ಯಾವಾಗಿಂದ?"

"ಕಾಯಿ ಬಿದ್ದ ದಿನದಿಂದ."

"ಹೇಳಬಹುದಿತ್ತು."

"ಹೇಳಿದೆ. ನಿನ್ನ ಬೆನ್ನ ಹಿಂದೆ ನಿಂತು ಹೇಳಿದೆ. ನನ್ನದು ತಪ್ಪಾಯ್ತು ಅಂತಲೂ ಹೇಳಿದೆ. ನೀನು ತಗಡು ಎಣಿಸ್ತಾ ಇದ್ದೆ."

ಮೇ ೨೦, ಸೋಮವಾರ

ದೊಡ್ಡ ದ್ವೀಪದ ಆಸ್ಪತ್ರೆಗೆ ಕಿವಿ ತೋರಿಸಲು ಹೋದೆ. ಬರುತ್ತೀಯಾ ಎಂದು ನಾನು ಕೇಳಿರಲಿಲ್ಲ. ದೋಣಿಗೆ ಹೋದರೆ ಸೋಬಿರಾ ಆಗಲೇ ಕೂತಿದ್ದಳು, ಬುತ್ತಿ ಸಮೇತ.

"ಎಷ್ಟು ದಿನದಿಂದ?" ಎಂದು ಡಾಕ್ಟರು ಕೇಳಿದರು.

"ಈ ವರ್ಷ," ಎಂದೆ.

"ಹದಿನೈದು ವರ್ಷ," ಎಂದಳು ಸೋಬಿರಾ.

ಡಾಕ್ಟರು ಅವಳು ಹೇಳಿದ್ದನ್ನೇ ಬರೆದುಕೊಂಡರು. ಗಾಜಿನ ಕೋಣೆಯಲ್ಲಿ ಕೂರಿಸಿ ತಲೆಗೆ ಯಂತ್ರ ಹಾಕಿದರು. ಎಡಗಿವಿ ಪೂರ್ತಿ ಹೋಗಿದೆ, ಬಲದಲ್ಲಿ ಸ್ವಲ್ಪ ಉಳಿದಿದೆ. ಒಂದು ಸಾಧನ ಬರೆದುಕೊಟ್ಟಿದ್ದಾರೆ, ಮುಂದಿನ ತಿಂಗಳು ಸಿಗುತ್ತದೆ. ಹೊರಡುವಾಗ ಕೌಂಟರಿನಲ್ಲಿ ನರ್ಸು ಸೋಬಿರಾಳನ್ನು ಏನೋ ಕೇಳಿದಳು. ಸೋಬಿರಾ ಆ ಕಡೆ ತಿರುಗಿದ್ದಳು, ನನಗೆ ಅವಳ ತಲೆವಸ್ತ್ರದ ಹಿಂಭಾಗ ಮಾತ್ರ ಕಾಣುತ್ತಿತ್ತು. ಏನೋ ಹೇಳಿದಳು. ನರ್ಸು ಬರೆದುಕೊಂಡು ನನ್ನ ಕಡೆ ನೋಡಿ ನಕ್ಕಳು.

ವಾಪಸ್ ಬರುವಾಗ ದೋಣಿಯಲ್ಲಿ ಕೇಳಿದೆ: "ಆ ನರ್ಸು ಏನು ಕೇಳಿದ್ಲು?"

ಸೋಬಿರಾ ಪಕ್ಕದಿಂದ ಎದ್ದು, ಅಲೆಗೆ ತೂರಾಡುತ್ತ, ಮೂಟೆಗಳನ್ನು ದಾಟಿ ಎದುರಿನ ಹಲಗೆಗೆ ಬಂದು ಕೂತಳು.

"ಇವರು ನಿಮಗೇನಾಗಬೇಕು ಅಂತ."

"ನೀನೇನಂದೆ?"

"ಗಂಡ ಅಂದೆ. ಇನ್ನೇನನ್ನಲಿ? ಆಗಿದ್ದೆಲ್ಲ ಬರೆಯೋಕೆ ಆ ಚೀಟೀಲಿ ಜಾಗ ಇರಲಿಲ್ಲ."

ಕೂತ ಹಲಗೆ ಅದುರುತ್ತಿತ್ತು, ಹಾಗಾಗಿ ದೋಣಿಯ ಎಂಜಿನ್ ಜೋರಾಗಿಯೇ ಇದ್ದಿರಬೇಕು. ಆದರೂ ಒಂದೇ ಸಲಕ್ಕೆ ಪೂರ್ತಿ ಕೇಳಿಸಿತು.

ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ.